ಹನ್ನೊಂದನೇ ಬಾಗಿಲ ಮುಳ್ಳು

ಬಾಡಿಗೆ ಮನೆಯಲ್ಲಿ ಸಾಯುವುದಕ್ಕೂ ಒಳ್ಳೆಯ ನಕ್ಷತ್ರ ನೋಡಿಕೊಳ್ಳಬೇಕು. ಸೊಣ್ಣಪ್ಪ ಅದೊಂದನ್ನು ನೋಡಿಕೊಳ್ಳಲಿಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ಗೂಡಿನ ಬೆಂಕಿ ಕಾದವನು, ಒಳಗೆ ಹೆಂಚು ಬೆಂದಿದೆಯೋ ಇಲ್ಲವೋ ಎಂದು ಹೊಗೆಯ ಬಣ್ಣ ನೋಡಿಯೇ ಹೇಳುತ್ತಿದ್ದವನು, ತನ್ನ ವಿಷಯದಲ್ಲಿ ಮಾತ್ರ ಹೊತ್ತುಗೊತ್ತಿಲ್ಲದವನ ಹಾಗೆ, ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಗೋಡೆಗೆ ಒರಗಿಬಿಟ್ಟ. ಹೆಣ ಎತ್ತುವ ಮೊದಲೇ ಯಾರೋ ಪಂಚಾಂಗ ನೋಡಿದರು. ಧನಿಷ್ಠಾ ನಕ್ಷತ್ರ. ಅಷ್ಟು ಗೊತ್ತಾದದ್ದೇ ತಡ, ಸೇರಿದ್ದ ಜನ ಸತ್ತವನ ಮುಖ ನೋಡುವುದು ಬಿಟ್ಟು ಮನೆಯ ಗೋಡೆ ನೋಡತೊಡಗಿದರು.

ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಆ ಮನೆ ಬಿಡಬೇಕು. ಧನಿಷ್ಠೆಗೆ ಆರು ತಿಂಗಳು. ಬಾಗಿಲಿಗೆ ಬೀಗ, ಬೀಗದ ಮೇಲೆ ಜಾಲಿ ಮುಳ್ಳಿನ ಕೊಂಬೆ. ಒಳಗೆ ದೀಪ ಹಚ್ಚುವಂತಿಲ್ಲ, ಒಲೆ ಉರಿಸುವಂತಿಲ್ಲ. ಗಡುವಿಗೆ ಮುಂಚೆ ತೆಗೆದರೆ ಮೊದಲನೆಯ ಸಾವು ಎರಡನೆಯ ಜೀವವನ್ನು ಕರೆದುಕೊಂಡು ಹೋಗಲು ಬರುತ್ತದೆ ಎನ್ನುತ್ತಾರೆ. ಸ್ವಂತ ಮನೆಯವರಾದರೆ ತೋಟದ ಮನೆಗೋ ಅಣ್ಣತಮ್ಮಂದಿರ ಮನೆಗೋ ಹೋಗಿ ಇದ್ದು ಬರುತ್ತಾರೆ. ಬಾಡಿಗೆಯವರು ಎಲ್ಲಿಗೆ ಹೋಗಬೇಕು ಎಂಬುದನ್ನು ಈ ಶಾಸ್ತ್ರ ಮಾಡಿದವರು ಯೋಚಿಸಿದಂತೆ ಕಾಣುವುದಿಲ್ಲ.

ಸೊಣ್ಣಪ್ಪನ ಹೆಂಡತಿ ದೊಡ್ಡಮುನಿಯಮ್ಮ ಹೋದದ್ದು ದೂರವೇನಲ್ಲ. ಹನ್ನೊಂದನೇ ಬಾಗಿಲಿನಿಂದ ಹನ್ನೆರಡನೇ ಬಾಗಿಲಿಗೆ. ಕಾರ್ಖಾನೆಯ ಧಣಿ ಹಿಂದೆ ಕೂಲಿಗಳಿಗೆಂದು ಕಟ್ಟಿಸಿದ ಎರಡು ಸಾಲು ಮನೆಗಳು ಅವು, ಒಟ್ಟು ಇಪ್ಪತ್ತೆರಡು. ಜನ ಅದನ್ನು ಲೈನು ಎಂದೇ ಕರೆಯುತ್ತಿದ್ದರು. ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಓಣಿ. ಹನ್ನೊಂದಕ್ಕೂ ಹನ್ನೆರಡಕ್ಕೂ ಒಂದೇ ಗೋಡೆ. ಆ ಕಡೆ ಮೆಣಸಿನಕಾಯಿ ಹುರಿದರೆ ಈ ಕಡೆ ಸೀನು ಬರುತ್ತಿತ್ತು.

ಹನ್ನೆರಡರಲ್ಲಿದ್ದವಳು ರಾಮಲಕ್ಷ್ಮಮ್ಮ. ಶ್ರೀನಿವಾಸಪುರದ ಆಚೆ ರಾಯಲ್ಪಾಡಿನವಳು, ಸಿಟ್ಟು ಬಂದರೆ ತೆಲುಗು, ಸಮಾಧಾನವಾದರೆ ಕನ್ನಡ. ಮಗ ಕದಿರೇಶ್ ಹೊಟ್ಟೆಯಲ್ಲಿರುವಾಗಲೇ ಗಂಡ ಆಂಧ್ರದ ಕಡೆ ಕೆಲಸಕ್ಕೆಂದು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಮಗುವನ್ನು ಕಟ್ಟಿಕೊಂಡು ಕೆಲಸ ಮಾಡುವುದು ಹೇಗೆಂದು ಅವಳು ಅಳುತ್ತ ಕೂತಿದ್ದಾಗ ಮುನಿಯಮ್ಮ ಬಂದು ಮಗುವನ್ನು ಎತ್ತಿಕೊಂಡಳು. ಅಷ್ಟೇ. ಆಮೇಲೆ ಇಳಿಸಿದ್ದು ಅವನು ಸ್ಕೂಲಿಗೆ ಹೋದ ಮೇಲೆ. ಒಬ್ಬಳು ಬೆಳಗಿನ ಪಾಳಿ, ಇನ್ನೊಬ್ಬಳು ಮಧ್ಯಾಹ್ನದ ಪಾಳಿ. ಮಗು ಯಾವ ಮನೆಯಲ್ಲಿ ನಿದ್ದೆ ಹೋಗುತ್ತದೋ ಆ ಮನೆಯದು. ಮುನಿಯಮ್ಮನಿಗೆ ಮಕ್ಕಳಾಗಲಿಲ್ಲ. ಹಸಿ ಹೆಂಚನ್ನು ಎಳೆಗೂಸು ಎತ್ತಿದ ಹಾಗೆ ಎತ್ತಬೇಕು ಎಂದು ಹೊಸಬರಿಗೆ ಕೆಲಸ ಕಲಿಸುತ್ತಿದ್ದವಳು ಅವಳೇ. ಎಳೆಗೂಸನ್ನು ಹೇಗೆ ಎತ್ತಬೇಕೆಂದು ಅವಳು ಕಲಿತದ್ದು ಕದಿರೇಶನಿಂದ. ಅವನು ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದ.

ಆವನಿ ಪಕ್ಕದ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಬಂದವಳು ಮುನಿಯಮ್ಮ. ಅಚ್ಚಿನಿಂದ ಬಿದ್ದ ಹಸಿ ಹೆಂಚನ್ನು ಅಂಗೈಗೆ ತೆಗೆದುಕೊಂಡು, ಅಂಚಿನ ಮಣ್ಣನ್ನು ಹೆಬ್ಬೆರಳಿನಿಂದ ಸವರಿ ಹಲಗೆಯ ಮೇಲೆ ಇಡುವುದು ಅವಳ ಕೆಲಸ. ಇಪ್ಪತ್ತೇಳು ವರ್ಷ ಸವರಿ ಸವರಿ ಹೆಬ್ಬೆರಳು ನುಣ್ಣಗಾಯಿತು. ಕಾಂಕ್ರೀಟ್ ತಾರಸಿಯ ಕಾಲ ಬಂದು ಹೆಂಚು ಕೇಳುವವರಿಲ್ಲದೆ ಕಾರ್ಖಾನೆ ಮುಚ್ಚಿ ಹತ್ತು ವರ್ಷವಾಗಿತ್ತು. ಗಂಡಸರು ಸಿಕ್ಕ ಕಡೆ ಹೋದರು, ಹೆಂಗಸರು ತರಕಾರಿ ಮಂಡಿಯಲ್ಲಿ ಬೀನ್ಸು ಆರಿಸಲು ಹೋದರು. ಬಾಡಿಗೆ ಮಾತ್ರ ತಿಂಗಳು ತಿಂಗಳು ಧಣಿಯ ಗುಮಾಸ್ತನಿಗೆ ಹೋಗುತ್ತಲೇ ಇತ್ತು.

ಹೋದ ವರ್ಷ ಧಣಿಯ ಮೊಮ್ಮಗ ಜಾಗವನ್ನು ಬೆಂಗಳೂರಿನ ಒಂದು ಕಂಪನಿಗೆ ಕೊಟ್ಟ. ಕಾರ್ಖಾನೆ, ಚಿಮಣಿ, ಲೈನು ಎಲ್ಲ ಹೋಗಿ ಮುಂದೆ ಅಂಗಡಿಗಳು, ಹಿಂದೆ ಹತ್ತು ಅಂತಸ್ತಿನ ಮನೆಗಳು ಬರುತ್ತವೆ ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಲೈನಿನವರು ಸುಮ್ಮನಿರಲಿಲ್ಲ, ಬಾಡಿಗೆಯ ಚೀಟಿಗಳನ್ನೆಲ್ಲ ಹಿಡಿದುಕೊಂಡು ಎಂಟು ತಿಂಗಳು ಓಡಾಡಿದರು. ಕೊನೆಗೆ ಒಂದು ಒಪ್ಪಂದವಾಯಿತು. ಜಾಗದ ಹಿಂದಿನ ಮೂಲೆಯಲ್ಲಿ ಮೂರು ಅಂತಸ್ತಿನ ಒಂದು ಕಟ್ಟಡ, ಅಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಆದರೆ ಅದು ಯಾರು ಈಗ ಲೈನಿನಲ್ಲಿ ವಾಸವಾಗಿದ್ದಾರೋ ಅವರಿಗೆ ಮಾತ್ರ. ಬೀಗ ಹಾಕಿಕೊಂಡು ಬೇರೆಲ್ಲೋ ಇದ್ದು, ಮನೆ ಸಿಗುತ್ತದೆಂದು ಓಡಿ ಬಂದವರಿಗೆ ಇಲ್ಲ. ಕೇಳಲು ನ್ಯಾಯವಾಗಿಯೇ ಇತ್ತು.

ಪಟ್ಟಿ ಬರೆಯಲು ಬಂದವರು ಇಬ್ಬರು. ತಾಲ್ಲೂಕು ಕಚೇರಿಯಿಂದ ಉಮೇಶ್ ಎಂಬ ಮೂವತ್ತರ ಆಸುಪಾಸಿನ ನೌಕರ. ಕಂಪನಿಯಿಂದ ಮುರಳಿಮೋಹನ್, ಇಸ್ತ್ರಿ ಅಂಗಿ, ಬಲು ವಿನಯ. ಆಗ ಸೊಣ್ಣಪ್ಪ ಸತ್ತು ಮೂರು ತಿಂಗಳು. ಪ್ರತಿ ಮನೆಯ ಯಜಮಾನರೂ ತೆರೆದ ಬಾಗಿಲಲ್ಲಿ ನಿಲ್ಲಬೇಕು, ಹಿಂದೆ ಒಲೆ ಪಾತ್ರೆ ಕಾಣುವ ಹಾಗೆ ಫೋಟೊ, ಆಮೇಲೆ ಯಂತ್ರದ ಮೇಲೆ ಹೆಬ್ಬೆಟ್ಟು. ಮುನಿಯಮ್ಮ ಹನ್ನೊಂದನೇ ಬಾಗಿಲ ಮುಂದೆ, ಮುಳ್ಳಿನಿಂದ ಎರಡು ಮಾರು ಈಚೆ ನಿಂತು ಇದು ನನ್ನ ಮನೆ ಎಂದಳು. ಬಾಗಿಲು ತೆಗೆಯಮ್ಮ ಎಂದರು. ಆಷಾಢದವರೆಗೂ ತೆಗೆಯುವ ಹಾಗಿಲ್ಲ ಎಂದು ಕಾರಣ ಹೇಳಿದಳು. ಉಮೇಶನಿಗೆ ಅರ್ಥವಾಯಿತು, ಅವನೂ ಈ ಸೀಮೆಯವನೇ. ಹೆಬ್ಬೆಟ್ಟಾದರೂ ಕೊಡಿ ಎಂದ. ನುಣ್ಣನೆಯ ಹೆಬ್ಬೆರಳನ್ನು ಎಂಟು ಸಲ ಒತ್ತಿದರೂ ಯಂತ್ರ ಅವಳನ್ನು ಗುರುತಿಸಲಿಲ್ಲ. ಆಗ ಮುರಳಿಮೋಹನ್ ಬಹಳ ಮರ್ಯಾದೆಯಿಂದ, ಈಗ ಮಲಗುವುದೆಲ್ಲಿ, ಉಣ್ಣುವುದೆಲ್ಲಿ ಎಂದು ಕೇಳಿದ. ಲಕ್ಷ್ಮಮ್ಮನ ಮನೇಲಿ ಎಂದಳು. ಸತ್ಯವನ್ನೇ ಹೇಳಿದ್ದಳು. ಹನ್ನೆರಡನೇ ಮನೆಯ ಹಾಳೆಯಲ್ಲಿ 'ಜೊತೆಗಿರುವವರು' ಎಂದು ಅವಳ ಹೆಸರು ಬರೆದು ಸಹಿ ಹಾಕಿಸಿಕೊಂಡರು. ತನ್ನ ಹೆಸರು ಯಾವುದೋ ಒಂದು ಹಾಳೆಯಲ್ಲಿ ಸೇರಿತಲ್ಲ ಎಂದು ಅವಳಿಗೆ ನೆಮ್ಮದಿಯಾಯಿತು. ಅಂದು ಸಂಜೆ ಲಕ್ಷ್ಮಮ್ಮನ ಮನೆಯಲ್ಲಿ ಪಾಯಸ ಮಾಡಿದ್ದೂ ಉಂಟು.

ಜೂನ್ ತಿಂಗಳಲ್ಲಿ ಪಟ್ಟಿ ಅಂಟಿಸಿದರು. ಕದಿರೇಶ್ ಎರಡು ಸಲ ಓದಿದ, ಮೂರನೆಯ ಸಲ ಬೆರಳಿಟ್ಟು ಎಣಿಸಿದ. ಇಪ್ಪತ್ತೊಂದು ಮನೆ. ಹನ್ನೊಂದರ ಮುಂದೆ 'ಬೀಗ ಹಾಕಿದೆ, ವಾಸವಿಲ್ಲ' ಎಂದಿತ್ತು. ಅವನು ಮುನಿಯಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಚೇರಿಗೆ ಹೋದ. ಉಮೇಶ್ ತಪ್ಪಿಸಿಕೊಳ್ಳುವ ಮನುಷ್ಯನಾಗಿರಲಿಲ್ಲ. ತಕರಾರು ಅರ್ಜಿ ತಾನೇ ಬರೆದುಕೊಟ್ಟ. ಬರುವ ಸೋಮವಾರ ಹತ್ತು ಗಂಟೆಗೆ ಮತ್ತೊಮ್ಮೆ ಬರುತ್ತೇವೆ, ಬಾಗಿಲು ತೆಗೆದಿರಲಿ, ಒಲೆ ಪಾತ್ರೆ ಕಾಣಲಿ, ನೀವು ಹೊಸ್ತಿಲಲ್ಲಿ ನಿಂತಿರಿ ಎಂದ. ಮಧ್ಯಾಹ್ನಕ್ಕೆ ಕಡತ ಕೋಲಾರಕ್ಕೆ ಹೋಗುತ್ತದೆ, ಹೋದ ಮೇಲೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದೂ ಹೇಳಿದ.

ಬೈಕಿನ ಮೇಲೆ ವಾಪಸು ಬರುವಾಗ ಕದಿರೇಶ್ ನಗುತ್ತಿದ್ದ.

"ಆ ಮುಳ್ಳು ಕಿತ್ತು ಬಿಸಾಕು ದೊಡ್ಡಮ್ಮ. ನಕ್ಷತ್ರಕ್ಕೆ ಬೇರೆ ಕೆಲಸ ಇಲ್ವಾ?"

ಅವನು ನಗಬಹುದಾಗಿತ್ತು. ಇಪ್ಪತ್ತೇಳು ವರ್ಷದವನು, ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ ಲೋಡು ಹೊತ್ತು ಚೆನ್ನೈಗೆ ಲಾರಿ ಓಡಿಸುವವನು. ಶ್ರೀನಿವಾಸಪುರದಲ್ಲಿ ಹೆಣ್ಣು ನೋಡಿ ಒಪ್ಪಿಗೆಯೂ ಆಗಿತ್ತು. ಆದರೆ ಲೈನಿನ ಹಿರಿಯ ದೊಡ್ಡವೆಂಕಟಪ್ಪ ನಗಲಿಲ್ಲ. ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಮುದುಕ. ಮದುವೆಯ ದಿನ ಇಡುವುದರಿಂದ ಹೆಣಕ್ಕೆ ಬಿದಿರು ಕಡಿಯುವವರೆಗೆ ಲೈನಿನಲ್ಲಿ ಅವನ ಮಾತೇ ಕಾನೂನು. ಅವನು ಸಂಜೆ ಮುನಿಯಮ್ಮನನ್ನು ಕೂರಿಸಿಕೊಂಡು, ಬೇಕೆಂದೇ ಲಕ್ಷ್ಮಮ್ಮನಿಗೂ ಕೇಳುವ ಹಾಗೆ ಹೇಳಿದ.

"ಧನಿಷ್ಠೆ ಗಂಡಸನ್ನ ತಗೊಂಡು ಹೋದ್ರೆ, ಎರಡನೇದೂ ಗಂಡಸನ್ನೇ ಕೇಳ್ತದೆ ಕಣಮ್ಮ. ನಿನ್ನ ಮನೇಲಿ ಇನ್ನು ಗಂಡಸಿಲ್ಲ. ಗೋಡೆ ಯಾರ ಜೊತೆ ಹಂಚ್ಕೊಂಡಿದೀಯ ನೋಡ್ಕೊ."

ಇದನ್ನು ಮುನಿಯಮ್ಮ ನಂಬಿದಳೇ? ನಂಬಿದಳು. ಅವಳು ಪುಸ್ತಕ ಓದಿದವಳಲ್ಲ, ನಂಬದೆ ಇರುವುದಕ್ಕೆ ಅವಳಿಗೆ ಯಾವ ಕಾರಣವೂ ಇರಲಿಲ್ಲ. ಐದು ತಿಂಗಳು ತನ್ನ ಬಾಗಿಲ ನೆರಳನ್ನೂ ತುಳಿಯದೆ ಓಡಾಡಿದ್ದಳು. ಈಗಲೂ ಮರುದಿನವೇ ಪುರೋಹಿತರ ಹತ್ತಿರ ಓಡಿದಳು. ಅವರು ಲೆಕ್ಕ ಹಾಕಿ, ಐದು ತಿಂಗಳು ತುಂಬಿದ ಮೇಲೆ ಶಾಂತಿ ಮಾಡಿಸಿ ಹಸುವನ್ನು ಮುಂದೆ ಬಿಟ್ಟುಕೊಂಡು ಒಳಗೆ ಹೋಗಬಹುದು, ಆರು ತಿಂಗಳು ಕಾಯಬೇಕಿಲ್ಲ ಎಂದರು. ಐದು ತುಂಬುವುದು ಯಾವಾಗ ಎಂದಳು. ಗುರುವಾರ ಎಂದರು. ಸೋಮವಾರಕ್ಕೂ ಗುರುವಾರಕ್ಕೂ ನಡುವೆ ಮೂರೇ ದಿನ. ಅವಳು ಕಚೇರಿಗೆ ಹೋಗಿ ಮೂರು ದಿನ ಕೇಳಿದಳು, ಉಮೇಶ್ ಮೇಲಿನವರನ್ನು ಕೇಳಿ ಬಂದು ಆಗುವುದಿಲ್ಲವೆಂದು ತಲೆಯಾಡಿಸಿದ. ಪುರೋಹಿತರ ಹತ್ತಿರ ಮತ್ತೆ ಹೋಗಿ ಮೂರು ದಿನ ಕೇಳಿದಳು, ಅವರೂ ತಲೆಯಾಡಿಸಿದರು. ಅತ್ತ ದರಿ, ಇತ್ತ ಪುಲಿ. ಮೇಲಿನವರಿಗೂ ನಕ್ಷತ್ರಕ್ಕೂ ಮಾತ್ರ ಒಳ್ಳೆಯ ಹೊಂದಾಣಿಕೆಯಿತ್ತು.

ಶುಕ್ರವಾರ ಅಕ್ಕಿ ಆರಿಸುತ್ತ ಕೂತಾಗ ಲಕ್ಷ್ಮಮ್ಮ ಮೊರವನ್ನು ಕೆಳಗಿಟ್ಟು ಮುನಿಯಮ್ಮನ ಕೈ ಹಿಡಿದುಕೊಂಡಳು. ತೆಲುಗಿನಲ್ಲೇ ಶುರುಮಾಡಿದಳು, ವದ್ದಕ್ಕಾ ವದ್ದು, ಬೇಡಕ್ಕ ಬೇಡ ಎಂದು. ನನ್ನ ಹೊಸ ಮನೆ ನಿನ್ನದೂ ಅಲ್ಲವೇ, ಈಗಿರುವ ಹಾಗೆಯೇ ಕೊನೆಯವರೆಗೂ ಇರು, ಒಂದು ದಿನವಾದರೂ ನಿನಗೆ ಬೇರೆ ತಟ್ಟೆ ಇಟ್ಟೆನೇ ಎಂದು ಕೇಳಿದಳು. ಇಟ್ಟಿರಲಿಲ್ಲ. ಅದು ನಿಜ.

ಆದರೆ ಐದು ತಿಂಗಳಲ್ಲಿ ಮುನಿಯಮ್ಮ ಕಲಿತ ಬೇರೆ ನಿಜಗಳೂ ಇದ್ದವು. ಇನ್ನೊಬ್ಬರ ಮನೆಯಲ್ಲಿ ಕೆಮ್ಮು ಬಂದರೂ ಸೆರಗು ಬಾಯಿಗೆ ಹಿಡಿಯಬೇಕು. ಹಸಿವಾಯಿತು ಎನ್ನುವ ಮೊದಲು ಮನೆಯವರಿಗೆ ಹಸಿವಾಗಿದೆಯೇ ಎಂದು ನೋಡಬೇಕು. ಗಂಡನನ್ನು ನೆನೆದು ಅಳಬೇಕಾದರೆ ಹಿತ್ತಲಿಗೆ ಹೋಗಬೇಕು. ಲಕ್ಷ್ಮಮ್ಮ ಇದನ್ನೆಲ್ಲ ಕೇಳಿದವಳಲ್ಲ, ಕೇಳದೆಯೇ ಹೀಗಾಗುತ್ತದೆ. ಈಗಲೇ ಹೀಗೆ, ಶ್ರೀನಿವಾಸಪುರದ ಹುಡುಗಿ ಸೊಸೆಯಾಗಿ ಬಂದ ಮೇಲೆ ಒಂದೇ ಕೋಣೆಯ ಮನೆಯಲ್ಲಿ ಈ ಮುದುಕಿಯ ಚಾಪೆ ಎಲ್ಲಿ? ಗಂಡನ ಊರಿನಲ್ಲಿ ಅವನ ಪಾಲಿನ ಹೊಲ ಮೈದುನರ ಹೆಸರಿಗೆ ಹೋಗಿ ಯಾವ ಕಾಲವೋ ಆಯಿತು. ಬೆಂಗಳೂರಿನವರ ಕಣ್ಣು ಬಿದ್ದ ಮೇಲೆ ಮಾಲೂರಿನಲ್ಲಿ ಬೀನ್ಸು ಆರಿಸುವವಳಿಗೆ ಬಾಡಿಗೆ ಕೊಡುವವರು ಯಾರು? ಐವತ್ತಾರು ವರ್ಷಕ್ಕೆ ಅವಳಿಗೆ ಬೇಕಾಗಿದ್ದದ್ದು ಒಂದೇ, ತನ್ನದು ಅನ್ನುವ ಒಂದು ಬಾಗಿಲು.

ಶನಿವಾರ ಕದಿರೇಶ್ ಲೋಡಿಗೆ ಹೊರಟ. ಹೊರಡುವ ಮುಂಚೆ ಇಬ್ಬರು ಹೆಂಗಸರನ್ನೂ ಎದುರಿಗೆ ಕೂರಿಸಿ ತಾನೇ ಒಂದು ದಾರಿ ಹುಡುಕಿದ. ಭಾನುವಾರ ಸಂಜೆಗೆಲ್ಲ ವಾಪಸು ಬರುತ್ತೇನೆ, ಸೋಮವಾರ ಮನೆಯಲ್ಲೇ ಅಮ್ಮನ ಕಣ್ಣೆದುರು ಕೂತಿರುತ್ತೇನೆ, ಆಮೇಲೆ ಗುರುವಾರ ಶಾಂತಿಯಾಗುವವರೆಗೆ ಲಾರಿ ಹತ್ತುವುದಿಲ್ಲ ಎಂದ. ಲಾರಿ ಹತ್ತದವನಿಗೆ ಏನಾಗುತ್ತದೆ, ಮನೆಯಲ್ಲಿ ಚಾಪೆ ಮೇಲಿಂದ ಬಿದ್ದು ಸಾಯುತ್ತೇನೆಯೇ ಎಂದು ತಮಾಷೆಯನ್ನೂ ಮಾಡಿದ. ಲಕ್ಷ್ಮಮ್ಮ ಅವನ ಬಾಯಿ ಮುಚ್ಚಿದಳು, ಆದರೆ ಒಪ್ಪಿದಳು. ಅವನು ಹೋದ ಮೇಲೆ ಮುನಿಯಮ್ಮನ ಕಡೆ ತಿರುಗಿ ಒಂದೇ ಒಂದು ಮಾತು ಕೇಳಿದಳು.

"ಅವನು ಬಂದು ನನ್ನ ಮುಂದೆ ಕೂತ್ಕೊಳೋವರ್ಗೂ ಮುಳ್ಳು ಮುಟ್ಟಲ್ಲ ಅಂತ ಹೇಳಕ್ಕ."

"ಮುಟ್ಟಲ್ಲ ಕಣೇ ಲಕ್ಷ್ಮಿ. ಅವನನ್ನ ಕಣ್ತುಂಬ ನೋಡ್ದೆ ನಾನು ಮುಟ್ತೀನಾ?" ಎಂದಳು ಮುನಿಯಮ್ಮ. ಆ ಹೊತ್ತಿಗೆ ಅದು ಹೃದಯದಿಂದಲೇ ಬಂದ ಮಾತು.

ಭಾನುವಾರ ಮಧ್ಯಾಹ್ನ ಕದಿರೇಶ್ ಫೋನು ಮಾಡಿ, ಲೋಡು ಇಳಿಸಿ ಹೊರಟೆ ಎಂದ. ಸಂಜೆಯಾಯಿತು, ಬರಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ದಾರಿಯಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಮುನಿಯಮ್ಮ ಹೇಳಿದಳು. ಹೂಂ ಎಂದಳು ಲಕ್ಷ್ಮಮ್ಮ. ಸೋಮವಾರ ಬೆಳಿಗ್ಗೆ ಕೋಳಿ ಕೂಗುವ ಹೊತ್ತಿಗೆ ಮತ್ತೆ ಮಾಡಿದರು, ಏಳಕ್ಕೆ ಮಾಡಿದರು, ಎಂಟಕ್ಕೆ ಮಾಡಿದರು. ಫೋನಿನ ಒಳಗಿನ ಹೆಣ್ಣುದನಿ ಪ್ರತಿ ಸಲವೂ ಅದೇ ವಿನಯದಿಂದ ಅದೇ ಮಾತು ಹೇಳಿತು. ಲಾರಿ ಮಾಲೀಕನೂ ತನಗೆ ಗೊತ್ತಿಲ್ಲ ಎಂದ. ಲಕ್ಷ್ಮಮ್ಮ ಒಲೆ ಹಚ್ಚಲಿಲ್ಲ. ಹನ್ನೆರಡನೇ ಬಾಗಿಲ ಹೊಸ್ತಿಲಲ್ಲಿ ಕೂತಳು, ಫೋನು ಅಂಗೈಯಲ್ಲಿ.

ಮುನಿಯಮ್ಮ ಹನ್ನೊಂದರ ಎದುರಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಬೀಗದ ಕೈ ಸೆರಗಿನ ತುದಿಯಲ್ಲಿ ಗಂಟು ಹಾಕಿತ್ತು. ಇಬ್ಬರ ನಡುವೆ ಐದಾರು ಹೆಜ್ಜೆ. ಇಬ್ಬರೂ ರಸ್ತೆಯ ತಿರುವನ್ನೇ ನೋಡುತ್ತಿದ್ದರು. ಒಬ್ಬಳು ಮಗ ಬರಲಿ ಎಂದು, ಇನ್ನೊಬ್ಬಳು ಮೊದಲು ಕದಿರೇಶನೇ ಬರಲಿ, ಆಮೇಲೆ ಮಿಕ್ಕವರು ಎಂದು. ಇಬ್ಬರದೂ ಒಂದೇ ಪ್ರಾರ್ಥನೆ ಎಂದು ಮುನಿಯಮ್ಮ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮೇಲೆ ಅದು ಪೂರಾ ನಿಜವಲ್ಲ ಎಂದೂ ಗೊತ್ತಾಯಿತು.

ಹತ್ತೂ ಕಾಲಿಗೆ ತಿರುವಿನಲ್ಲಿ ಬಂದದ್ದು ಉಮೇಶನ ಸ್ಕೂಟರು, ಹಿಂದೆ ಮುರಳಿಮೋಹನನ ಕಾರು.

ಲೈನಿನ ಜನ ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ದೊಡ್ಡವೆಂಕಟಪ್ಪ ಕೋಲು ಊರಿಕೊಂಡು ಬಂದು ಓಣಿಯ ಬಾಯಲ್ಲಿ ನಿಂತ. ಉಮೇಶ್ ಮುಳ್ಳನ್ನು ನೋಡಿದ, ಮುನಿಯಮ್ಮನನ್ನು ನೋಡಿದ. ಏನೂ ಕೇಳದೆ, ಹದಿನೇಳನೇ ಮನೆಯಲ್ಲಿ ಒಂದು ಹೆಸರು ತಿದ್ದುವುದಿದೆ, ಮುಗಿಸಿ ಬರುತ್ತೇನೆ ಎಂದ. ಅವಳಿಗೆ ಸಮಯ ಕೊಡಲೆಂದೇ ಹಾಗೆ ಹೇಳಿದನೆಂದು ಎಲ್ಲರಿಗೂ ತಿಳಿಯಿತು. ಒಂದು ಹೆಸರು ತಿದ್ದಲು ಅವನು ಇಪ್ಪತ್ತು ನಿಮಿಷ ತೆಗೆದುಕೊಂಡ. ಆ ಇಪ್ಪತ್ತು ನಿಮಿಷದಲ್ಲಿ ಲಕ್ಷ್ಮಮ್ಮ ಆರು ಸಲ ಫೋನು ಮಾಡಿದಳು.

ವಾಪಸು ಬಂದಾಗ ಮುರಳಿಮೋಹನ್ ಕೈಗಡಿಯಾರ ನೋಡಿಕೊಂಡು, ಇನ್ನು ಹೊರಡೋಣ ಸಾರ್, ಯಾರೂ ವಾಸ ಇಲ್ಲ ಅನ್ನೋದು ಕಾಣ್ತಾ ಇದೆಯಲ್ಲ ಎಂದ. ಉಮೇಶ್ ಮುನಿಯಮ್ಮನ ಹತ್ತಿರ ಬಂದು ಬಗ್ಗಿ ನಿಂತ.

"ಅಮ್ಮಾ, ಇನ್ನು ನನ್ನ ಕೈಲಿ ಆಗಲ್ಲ. ಬಾಗಿಲು ತೆಗೀತೀರೋ, ಇಲ್ಲಾ ಹಾಗೇ ಬರ್ಕೊಳ್ಳಲೋ?"

ಮುನಿಯಮ್ಮ ತಿರುವಿನ ಕಡೆ ನೋಡಿದಳು. ರಸ್ತೆ ಖಾಲಿಯಿತ್ತು. ಲಕ್ಷ್ಮಮ್ಮನ ಕಡೆ ನೋಡಿದಳು. ಲಕ್ಷ್ಮಮ್ಮ ಬೇಡ ಎನ್ನಲಿಲ್ಲ, ಕೈಯನ್ನೂ ಅಲ್ಲಾಡಿಸಲಿಲ್ಲ, ಸುಮ್ಮನೆ ಅವಳನ್ನೇ ನೋಡುತ್ತಿದ್ದಳು. ಮಾತು ಕೊಟ್ಟವಳನ್ನು ಮತ್ತೆ ಕೇಳಬೇಕಾದ ಅಗತ್ಯವಿಲ್ಲ ಎಂಬ ನೋಟ ಅದು. ಮುನಿಯಮ್ಮನಿಗೆ ಮೂರು ವರ್ಷದ ಕದಿರೇಶ್ ಜ್ವರದಲ್ಲಿ ತನ್ನ ಎದೆಯ ಮೇಲೆ ಮಲಗಿದ್ದ ಭಾರ ನೆನಪಾಯಿತು. ಹೋದರೆ ಹೋಗಲಿ ಎಂದು ಅವಳಿಗೆ ಅನ್ನಿಸಲಿಲ್ಲ, ದೇವರಾಣೆ ಅನ್ನಿಸಲಿಲ್ಲ. ಆದರೆ ಅದಕ್ಕಿಂತ ಕೆಟ್ಟದ್ದೊಂದು ಅನ್ನಿಸಿತು. ಅವನಿಗೆ ಏನಾದರೂ ಆಗಿದ್ದರೆ ಅದು ಆಗಲೇ ಆಗಿಹೋಗಿದೆ, ಈಗ ನಾನು ಬಾಗಿಲು ತೆಗೆದರೂ ಒಂದೇ, ತೆಗೆಯದಿದ್ದರೂ ಒಂದೇ ಎನ್ನಿಸಿತು.

ಅವಳು ಎದ್ದಳು. ಕುಡುಗೋಲು ಕಲ್ಲಿನ ಪಕ್ಕದಲ್ಲೇ ಇತ್ತು, ಅದನ್ನು ತೆಗೆದುಕೊಳ್ಳಲೂ ತೋಚಲಿಲ್ಲ. ಬರಿಗೈಯಲ್ಲೇ ಜಾಲಿ ಕೊಂಬೆಯನ್ನು ಹಿಡಿದು ಎಳೆದಳು. ಐದು ತಿಂಗಳ ಬಿಸಿಲಿಗೆ ಒಣಗಿದ ಮುಳ್ಳು ಚಿಲಕಕ್ಕೆ ಹೆಣೆದುಕೊಂಡಿತ್ತು. ಎರಡು ಸಲ ಎಳೆದ ಮೇಲೆ ಬಂತು, ಅಂಗೈ ಹರಿದು ರಕ್ತ ಬಂತು. ಯಾರೋ ಹೆಂಗಸು ಅಯ್ಯೋ ಎಂದಳು. ದೊಡ್ಡವೆಂಕಟಪ್ಪ ಮುಖ ತಿರುಗಿಸಿಕೊಂಡು ಓಣಿಯೊಳಗೆ ಹೊರಟುಹೋದ. ಬೀಗ ತೆಗೆದು ಬಾಗಿಲು ದೂಡಿದಾಗ ಒಳಗಿನಿಂದ ಮುಚ್ಚಿಟ್ಟ ಮಣ್ಣಿನ ವಾಸನೆ ಬಂತು. ಸೊಣ್ಣಪ್ಪನ ಅಂಗಿ ಮೊಳೆಯಲ್ಲೇ ಇತ್ತು. ಅವನು ಒರಗಿದ ಗೋಡೆಯ ಬುಡದಲ್ಲಿ ಕಾಫಿ ಲೋಟ ಮಗುಚಿಕೊಂಡು ಬಿದ್ದಿತ್ತು, ಅಂದು ಯಾರೂ ಅದನ್ನು ಎತ್ತಿಟ್ಟಿರಲಿಲ್ಲ.

ಅವಳು ಹೊಸ್ತಿಲ ಮೇಲೆ ನಿಂತಳು. ಉಮೇಶ್ ಫೋಟೊ ತೆಗೆದ, ಒಳಗಿನ ಒಲೆಯದೊಂದು, ಪಾತ್ರೆಗಳದೊಂದು ತೆಗೆದ. ಮುರಳಿಮೋಹನ್ ಧೂಳನ್ನು ನೋಡಿ ಏನೋ ಹೇಳಹೊರಟ. ಉಮೇಶ್ ಅವನಿಗಿಂತ ಗಟ್ಟಿಯಾಗಿ, ಬಾಗಿಲು ತೆಗೆದಿದೆ, ಮನೆಯವರು ಇದ್ದಾರೆ, ವಾಸವಿದೆ ಎಂದು ಓದುತ್ತ ಬರೆದ. ಯಂತ್ರಕ್ಕೆ ಹೆಬ್ಬೆರಳು ಒತ್ತಲು ಹೋದರೆ ರಕ್ತ ಅಂಟಿತು, ಅದು ಬೇಡ ಬಿಡಿ ಎಂದ. ಇಪ್ಪತ್ತೆರಡನೆಯ ಹೆಸರು ಸೇರಿತು. ಅವರು ಹೋದರು.

ಲೈನಿನಲ್ಲಿ ಯಾರೂ ಅವಳ ಹತ್ತಿರ ಬರಲಿಲ್ಲ. ಅವಳು ಒಳಗೆ ಹೋಗುವ ಧೈರ್ಯವಿಲ್ಲದೆ, ಹೊರಗೆ ಬರುವ ಧೈರ್ಯವೂ ಇಲ್ಲದೆ ಹೊಸ್ತಿಲಲ್ಲೇ ಕೂತಳು. ಪಕ್ಕದ ಹೊಸ್ತಿಲಲ್ಲಿ ಲಕ್ಷ್ಮಮ್ಮ. ಮೂವತ್ತು ವರ್ಷ ಸಂಜೆ ಹೊತ್ತು ಇಬ್ಬರೂ ಹೀಗೇ ಕೂತು ಎಲೆ ಅಡಿಕೆ ಹಾಕಿಕೊಂಡವರು. ಹಾಗೆ ಕೂತ ಒಂದು ಗಂಟೆಯಲ್ಲಿ ಮುನಿಯಮ್ಮ ಹೊತ್ತುಕೊಂಡ ಹರಕೆಗಳನ್ನು ತೀರಿಸಬೇಕಾದರೆ ಅವಳಿಗೆ ಇನ್ನೊಂದು ಜನ್ಮ ಬೇಕು.

ಹನ್ನೆರಡು ಗಂಟೆಯ ಸುಮಾರಿಗೆ ಕದಿರೇಶ್ ತಿರುವಿನಲ್ಲಿ ಕಾಣಿಸಿದ. ನಡೆದುಕೊಂಡು ಬರುತ್ತಿದ್ದ, ಅಂಗಿ ತುಂಬ ಗ್ರೀಸು, ಹೆಗಲ ಮೇಲೆ ಬ್ಯಾಗು. ಪಲಮನೇರಿಗೆ ಮುಂಚೆ ಘಾಟಿಯಲ್ಲಿ ಲಾರಿ ಕೆಟ್ಟು ನಿಂತಿತಂತೆ, ಜಾಕಿ ಕೊಡುವಾಗ ಫೋನು ಗಾಲಿಯ ಕೆಳಗೆ ಸಿಕ್ಕಿ ಪುಡಿಯಾಯಿತಂತೆ, ಯಾರ ನಂಬರೂ ಬಾಯಿಗೆ ಬರುತ್ತಿರಲಿಲ್ಲವಂತೆ, ಲಾರಿ ಅಲ್ಲೇ ಬಿಟ್ಟು ಮುಳಬಾಗಿಲಿನವರೆಗೆ ಯಾರದೋ ಟೆಂಪೊ ಹತ್ತಿ, ಅಲ್ಲಿಂದ ಬಸ್ಸು ಹಿಡಿದು ಬಂದನಂತೆ. ಇದನ್ನೆಲ್ಲ ಅವನು ಹೇಳುತ್ತ ಹೇಳುತ್ತಲೇ ಹತ್ತಿರ ಬಂದ. ತೆರೆದ ಬಾಗಿಲು ನೋಡಿ ಅವನ ಮುಖ ಅರಳಿತು. ಬರ್ಕೊಂಡ್ರಾ ದೊಡ್ಡಮ್ಮ ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು, ಅಳು ಒತ್ತರಿಸಿ ಬಂತು. ಅವನು ನಕ್ಕು, ನೋಡಿದ್ಯಾ, ಏನಾಯ್ತು ನಂಗೆ ಎಂದು ಎರಡೂ ಕೈ ಚಾಚಿ ತೋರಿಸಿದ.

ಲಕ್ಷ್ಮಮ್ಮ ಮಗನ ತಲೆ, ಭುಜ, ತೋಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಸ್ನಾನಕ್ಕೆ ನೀರು ತೋಡಿಕೊಟ್ಟು ಅವನನ್ನು ಒಳಗೆ ಕಳಿಸಿದಳು. ಆಮೇಲೆ ಹೊರಗೆ ಬಂದಳು. ಅವಳ ಕೈಯಲ್ಲಿ ಮುನಿಯಮ್ಮನ ಎರಡು ಸೀರೆ, ಹೊದಿಕೆ, ಚಾಪೆ ಇದ್ದವು. ಎಲ್ಲವನ್ನೂ ಅಂದವಾಗಿ ಮಡಿಸಿದ್ದಳು. ಹನ್ನೊಂದರ ಹೊಸ್ತಿಲ ಪಕ್ಕದಲ್ಲಿ ಇಟ್ಟಳು. ಸಿಟ್ಟು ಬಂದರೆ ತೆಲುಗು ಆಡುವವಳು ಅಂದು ಕನ್ನಡದಲ್ಲೇ ಕೇಳಿದಳು, ದನಿ ಏರಿಸಲಿಲ್ಲ.

"ನನ್ನ ಮಗ ಬದುಕಿ ಬಂದ. ಅದು ಬಿಡಕ್ಕ. ಮುಳ್ಳು ಕೀಳೋ ಹೊತ್ತಿಗೆ ಅವನು ಬದುಕಿದಾನೆ ಅಂತ ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಾಗಿತ್ತು. ಅವನಿಗೇನೂ ಆಗಿಲ್ಲ ಅಂತ ನನ್ನ ಮನಸ್ಸು ಹೇಳ್ತಿತ್ತು ಕಣೇ ಎಂದಿದ್ದರೆ ಸಾಕಿತ್ತು. ಲಕ್ಷ್ಮಮ್ಮ ನಂಬುತ್ತಿದ್ದಳು, ನಂಬಲೆಂದೇ ಕೇಳಿದ್ದಳೇನೋ. ಆದರೆ ಇಬ್ಬರ ನಡುವೆ ಮೂವತ್ತು ವರ್ಷ ಅಂಥ ಮಾತು ಬಂದಿರಲಿಲ್ಲ.

"ಗೊತ್ತಿರ್ಲಿಲ್ಲ" ಎಂದಳು ಮುನಿಯಮ್ಮ.

ಲಕ್ಷ್ಮಮ್ಮ ತಲೆಯಾಡಿಸಿದಳು, ತಿರುಗಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಂದೇ ಗೋಡೆಯ ಆಚೆಯಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ಲೈನಿನಲ್ಲಿ ಹಗಲು ಹೊತ್ತು ಯಾರೂ ಚಿಲಕ ಹಾಕುತ್ತಿರಲಿಲ್ಲ.